ಕೋಳಿಗೂಡಿನ ಬಲೆ

ಮುನಿರಾಜು ಬಂಗಾರಪೇಟೆಯಿಂದ ತಂದ ಹೊಸ ಬಲೆ ಕೂದಲೆಳೆಯಷ್ಟು ನಯವಾಗಿತ್ತು. ಕಾಮಸಮುದ್ರದವರೆಲ್ಲ ಹೊಗಳಿದರೂ ಅವನ ಹೆಂಡತಿ ಚೌಡಮ್ಮ ಮಾತ್ರ ಮುಟ್ಟಿ ನೋಡಿ ಮೂಗು ಮುರಿದಳು.

ಕೆರೆಗೆ ಎರಡು ಸಲ ಹಾಕಿದಾಗಲೂ ಬೆರಳುದ್ದದ ಮರಿಮೀನುಗಳೇ ಸುತ್ತಿಕೊಂಡು ಸತ್ತು ಬಂದವು. ಮೀನುಗಾರರ ಸಂಘದ ಜಯರಾಮಪ್ಪ ಕೆಂಡವಾದ. “ಮೊನ್ನೆ ಸಂಘದಿಂದ ಬಿಟ್ಟ ಮರಿಗಳು ಕಣ್ಲಾ ಇವು! ಇನ್ನೊಂದ್ಸಲ ಇಂಗಾದ್ರೆ ಈ ವರ್ಷ ನೀನು ಕೆರೇಗೆ ಇಳಿಯಂಗಿಲ್ಲ.”

ಮುನಿರಾಜು ಬಲೆಯ ಕಣ್ಣಿಗೆ ಬೆರಳು ತೂರಿಸಿ ತೋರಿಸಿದ. “ಅಳೇ ಬಲೇನೂ ನಾಕು ಬೆರಳು, ಇದೂ ನಾಕು ಬೆರಳು ಕಣಣ್ಣ. ಮರಿ ಎಂಗೆ ಸಿಕ್ಕೊಂತವೋ!” ಈ ಗಂಡಸರಿಗೆ ಬಲೆ ಅಂದರೆ ಬೆರಳಿನ ಲೆಕ್ಕ ಅಷ್ಟೆ. ನೂಲು ಮುಟ್ಟಿ ನೋಡುವ ವ್ಯವಧಾನ ಯಾರಿಗಿದೆ? ಎಂದುಕೊಂಡಳು ದಡದಲ್ಲಿದ್ದ ಚೌಡಮ್ಮ.

ಮುನಿರಾಜು ಮನೆಗೆ ಬಂದು ಬಲೆಯನ್ನು ಕೋಳಿಗೂಡಿನ ಪಕ್ಕ ಒಣಹಾಕಿದ. ಗೂಡಿಗೆ ಸುತ್ತಿದ್ದುದು ಅವನೇ ಬೇಡವೆಂದು ಎಸೆದಿದ್ದ ಹಳೆಯ ಬಲೆ. ದಪ್ಪ ನೂಲಿನದು, ತುಂಬ ಬಿರುಸು. ಮಧ್ಯಾಹ್ನ ಕೀಚುಕೀಚು ಸದ್ದಿಗೆ ಚೌಡಮ್ಮ ಓಡಿಬಂದಳು. ಹಳೆಯ ಬಲೆಯ ಕಣ್ಣುಗಳಲ್ಲಿ ಕೋಳಿಮರಿಗಳು ಎಂದಿನಂತೆ ನುಸುಳಿ ಓಡಾಡುತ್ತಿದ್ದವು. ಹೊಸದರಲ್ಲಿ ಮೂರು ಮರಿಗಳು ಕಾಲು, ರೆಕ್ಕೆ ಸುತ್ತಿಕೊಂಡು ಒದ್ದಾಡುತ್ತಿದ್ದವು.

“ಏನಯ್ಯೋ, ಬಾ ಇಲ್ಲಿ! ಬಿರುಸು ನೂಲು ಮಡಚ್ಕೊಳಲ್ಲ, ಮರಿ ತೂರ್ಕೊಂಡು ಓಗ್ತದೆ. ಈ ಮೆತ್ತಂದು ಮುಟ್ಟಿದ್ದಕ್ಕೆಲ್ಲಾ ಸುತ್ಕೊಂತದೆ. ನೋಡು!”

ಮುನಿರಾಜು ಪೆಚ್ಚಾದ. “ಈಗೇನ್ ಮಾಡಾದು?”

“ಅಳೇ ಬಲೇನ ಗೂಡಿಂದ ಬಿಚ್ಚು. ತೂತೆಲ್ಲಾ ನಾನು ಒಲ್ದು ಕೊಡ್ತೀನಿ.”

“ಕೋಳಿ ಗಲೀಜು ಮೆತ್ತಿದ ಬಲೆ ಅಂತ ಊರೆಲ್ಲಾ ನಗ್ತಾರೆ.”

“ನಗ್ಲಿ ಬಿಡು. ಕೆರೇಗೆ ಇಳೀದಂಗಾದ್ರೆ ಉಣ್ಣೋದೇನು?”

ಎರಡು ದಿನ ಕೂತು ಹೊಲಿದಳು. ಮೂರನೆಯ ಬೆಳಿಗ್ಗೆ ಬಲೆ ಎಳೆಯುವಾಗ ಜಯರಾಮಪ್ಪ ದಡದಲ್ಲೇ ನಿಂತಿದ್ದ. ಚೌಡಮ್ಮ ಬುಟ್ಟಿ ಹಿಡಿದು ಪಕ್ಕದಲ್ಲಿ ಕಾದಳು. ಬಂದದ್ದು ಹನ್ನೊಂದೇ ಮೀನು, ಎಲ್ಲವೂ ಮೊಳದುದ್ದದ ಕಾಟ್ಲಾ. ಜಯರಾಮಪ್ಪ ಬಲೆಯನ್ನೆಲ್ಲ ಜಾಲಾಡಿದ. ಒಂದು ಮರಿಯೂ ಸಿಗಲಿಲ್ಲ. “ನಾಳೇನೂ ಕೆರೇಗೆ ಇಳಿ ಕಣ್ಲಾ,” ಎಂದು ನಗುತ್ತ ಹೋದ. ಚೌಡಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದಿನ ತಿಂಗಳು ಇನ್ನೊಂದು ಬಲೆ ಕೊಳ್ಳಲು ಇಬ್ಬರೂ ಬಂಗಾರಪೇಟೆಗೆ ಹೋದರು. ಅಂಗಡಿಯವನು ಬಲೆ ಹರವಿದ. ಮುನಿರಾಜು ಬೆರಳು ತೂರಿಸಲಿಲ್ಲ. ಬಲೆಯ ಅಂಚನ್ನು ಹೆಂಡತಿಯ ಕೈಗಿಟ್ಟು, “ನೀನು ಮುಟ್ಟಿ ನೋಡಮ್ಮಿ,” ಎಂದ.