ಸಂದಿನಲ್ಲಿ ಸೇರಿದ ಗಾಳಿ

ಆ ಗ್ಯಾರೇಜಿನಲ್ಲಿ ಇಂಜಿನ್ನಿನ ಪರೀಕ್ಷೆಗೆ ಒಂದೇ ವಿಧಿಯಿತ್ತು. ಮುದುಕ ಯಜಮಾನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಊರಿ, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವನು. ಬಳಿಕ ಅದನ್ನು ತೆಗೆದು ಬರಿಗಿವಿಯನ್ನು ಬಾನೆಟ್ಟಿನೊಳಕ್ಕೆ ಬಾಗಿಸುವನು. ಅವನಿಗೆ ಅಪಸ್ವರವೇನೂ ಕೇಳಿಸದಿದ್ದರೆ ದೋಷವೇ ಇಲ್ಲವೆಂದು ಅರ್ಥ. ಮೂವತ್ತೆಂಟು ವರ್ಷಗಳಲ್ಲಿ ಈ ತೀರ್ಪಿನ ಮೇಲೆ ಯಾರೂ ಮೇಲ್ಮನವಿ ಸಲ್ಲಿಸಿರಲಿಲ್ಲ. ಗಿರಾಕಿಗಳ ಬಾಯಲ್ಲಿ ಅವನು ಕಿವಿ ಮೇಸ್ತ್ರಿ.

ಮಗ ಲಾರಿಯೊಡನೆ ತಿಂಗಳುಗಟ್ಟಲೆ ಹೊರಗಿರುತ್ತಿದ್ದುದರಿಂದ, ವಿದ್ಯೆ ಕೈಗೆ ಬಂದದ್ದು ಸೊಸೆಗೆ. ಕಲಿಸಿದವನು ಮಾವನೇ. ಈ ವರ್ಷ ಅವಳು ಒಂದು ಗೇಜನ್ನು ತಂದಿದ್ದಳು. ಅದರ ಸೆನ್ಸರನ್ನು ಸೈಲೆನ್ಸರಿನ ಕೊಳವೆಯಲ್ಲಿ ಕೂರಿಸಿದರೆ, ಅದು ಹೊಗೆಯಲ್ಲಿ ಉಳಿದ ಗಾಳಿಯನ್ನು ಅಳೆದು, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಬೆರೆತಿತ್ತೆಂಬುದನ್ನು ಅಂಕಿಯಲ್ಲಿ ತೋರಿಸುವುದು. ಹದಿನಾಲ್ಕರ ಆಸುಪಾಸಿನಲ್ಲಿದ್ದರೆ ಹದ. ಏರಿದರೆ ಪೆಟ್ರೋಲಿನ ಕೊರತೆ, ಇಳಿದರೆ ಅತಿ.

ಹಲ್ಲಿನ ವೈದ್ಯರ ಹಳೆಯ ಕಾರಿಗೆ ಹೋದ ತಿಂಗಳು ಸೈಲೆನ್ಸರಿನ ಕೆಲಸ ನಡೆದಿತ್ತು. ಈಗ ಅದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಹದಕ್ಕೆಂದು ಬಂದಿತ್ತು. ಸೊಸೆ ಗೇಜನ್ನು ಜೋಡಿಸಿದಳು. ಅಂಕಿ ಹದಿನಾರೂವರೆ ತೋರಿಸಿತು. ಮಾವ ತನ್ನ ವಿಧಿಯನ್ನು ಮುಗಿಸಿ, ಇಂಜಿನ್ನಿನ ಹೊಟ್ಟೆ ತುಂಬಿದೆ, ಕೊರತೆಯೇನೂ ಇಲ್ಲವೆಂದನು. ಗೇಜು ಹಾಗೆ ಹೇಳುವುದಿಲ್ಲವೆಂದು ಅವಳೆಂದಳು. ವೈದ್ಯರು ನಡುವೆ ನಿಂತು, ತಮ್ಮ ಬಳಿಗೆ ಬಂದವರು ಬಾಯಿ ತೆರೆಯಬೇಕು, ಇಲ್ಲಿಗೆ ಬಂದರೆ ತಾವೇ ಬಾಯಿ ಮುಚ್ಚಿಕೊಂಡಿರಬೇಕು ಎನ್ನುತ್ತ, ಸಂಜೆ ಬರುವುದಾಗಿ ಹೇಳಿ ಹೊರಟರು.

ಅವರು ಹೋದ ಮೇಲೆ ಮುದುಕನು ಗೇಜಿನತ್ತ ಬೆರಳು ತೋರಿ ಪಣ ಒಡ್ಡಿದನು.

“ಆ ಗಡಿಯಾರ ಹೇಳೋದೇ ಸರಿ ಅಂತಾದ್ರೆ ನಾನು ಸ್ಕ್ರೂಡ್ರೈವರ್ ಕೆಳಗಿಡ್ತೀನಿ. ನಾಳೆಯಿಂದ ಟಯರಿಗೆ ಗಾಳಿ ಹಿಡೀತಾ ಕೂತ್ಕೋತೀನಿ. ತಪ್ಪು ಅಂತಾದ್ರೆ ಅದು ವಾಪಸ್ಸು ಡಬ್ಬಕ್ಕೆ.”

“ಗಾಳಿ ಹಿಡಿಯೋಕೂ ಗೇಜು ನೋಡ್ಬೇಕಲ್ಲ, ಮಾವ.”

ಅವನು ನಗಲಿಲ್ಲ. ಕೆಲವು ತಿಂಗಳುಗಳಿಂದ ಮೇಜಿನ ಮೇಲೆ ಫೋನು ರಿಂಗಾಗುತ್ತಿದ್ದರೂ ಅವನು ತಲೆಯೆತ್ತದಿರುವುದನ್ನು ಅವಳು ಗಮನಿಸಿದ್ದಳು; ಆ ಮಾತೆತ್ತಿರಲಿಲ್ಲ.

ಅವಳು ಕಾರ್ಬುರೇಟರನ್ನು ಬಿಚ್ಚಿ, ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟುಗಳನ್ನು ತೆಗೆದು, ಒಂದು ಅಳತೆ ದೊಡ್ಡ ತೂತಿನವನ್ನು ಹಾಕಿದಳು. ಅಂಕಿ ವಿಧೇಯವಾಗಿ ಹದಿನಾಲ್ಕಕ್ಕೆ ಇಳಿಯಿತು. ಆದರೆ ಕಾರನ್ನು ಬೀದಿಯ ಕೊನೆಯವರೆಗೆ ಓಡಿಸಿ ತರುವಷ್ಟರಲ್ಲಿ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಅಡರಿತು. ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿದರೆ ಅದರ ಮೂತಿಯ ತುಂಬ ಪೂರ್ತಿ ಉರಿಯದ ಪೆಟ್ರೋಲಿನ ಮಸಿ. ಅಂಕಿ ಹದವೆನ್ನುತ್ತದೆ, ಪ್ಲಗ್ಗು ಅತಿಯೆನ್ನುತ್ತದೆ. ಎರಡು ಸಾಕ್ಷಿಗಳಲ್ಲಿ ಒಂದು ಮೋಸಹೋಗಿರಬೇಕು. ಅವಳು ಪ್ಲಗ್ಗನ್ನು ಮಾವನ ಅಂಗೈಯಲ್ಲಿಟ್ಟಳು. ಪಣ ಅವನ ಕಡೆಗೆ ವಾಲಿತ್ತು.

ಗೇಜನ್ನು ಡಬ್ಬಕ್ಕೆ ಕಳುಹಿಸಲು ಅವನಿಗೆ ಅಷ್ಟೇ ಸಾಕಾಗಿತ್ತು. ಆದರೆ ಕಾರಣ ತಿಳಿಯದೆ ಬಾನೆಟ್ಟು ಮುಚ್ಚುವ ಅಭ್ಯಾಸ ಅವನಿಗಿರಲಿಲ್ಲ. ಪ್ಲಗ್ಗು ಕೂರಿಸಿದ ಮೇಲೆ ಟಾರ್ಚು ಹಿಡಿದು ಇಂಜಿನ್ನಿನ ಪಕ್ಕಕ್ಕೆ ಬಗ್ಗಿದನು. ಸೈಲೆನ್ಸರಿನ ಕೊಳವೆ ಇಂಜಿನ್ನನ್ನು ಸೇರುವಲ್ಲಿ ಕಾಡಿಗೆ ತೀಡಿದಂತೆ ಒಂದು ಸಣ್ಣ ಕಪ್ಪು ಗೆರೆಯಿತ್ತು. ಇಂಜಿನ್ನನ್ನು ಚಾಲೂ ಮಾಡಿಸಿ, ಕಾಗದದ ಎಳೆಯೊಂದನ್ನು ಅಲ್ಲಿಗೆ ಒಡ್ಡಿದನು. ಎಳೆ ಅದುರಿತು.

ಆ ಸಂದನ್ನು ಬಿಗಿಯಾಗಿ ಮುಚ್ಚುವ ಪ್ಯಾಕಿಂಗು ಅವನದೇ ಕೈಕೆಲಸ. ಹೋದ ತಿಂಗಳು, ಇನ್ನೊಂದು ವರ್ಷ ಬಾಳುತ್ತದೆಂದು ಹಳೆಯದನ್ನೇ ಒರೆಸಿ ಕೂರಿಸಿ, ಕಿವಿಗೊಟ್ಟು, ಏನೂ ಕೇಳಿಸದ್ದರಿಂದ ಸರಿಯಿದೆಯೆಂದು ಕಳುಹಿಸಿದ್ದನು. ಇಂಜಿನ್ನಿನ ಗುಡುಗು ಎಲುಬಿನ ಮೂಲಕ ಇಂದಿಗೂ ಅವನನ್ನು ಮುಟ್ಟುತ್ತಿತ್ತು. ಸಂದಿನ ತೆಳು ಸದ್ದಿಗೆ ಬರಿಗಿವಿಯೇ ಬೇಕು. ಹೊಗೆ ಹೊರಚಿಮ್ಮುವ ನಡುನಡುವೆ ಆ ಸಂದಿನಿಂದ ಹೊರಗಿನ ಗಾಳಿ ಒಳಸೇರಿ ಹೊಗೆಯೊಡನೆ ಬೆರೆಯುತ್ತಿತ್ತು. ಗೇಜು ಅದನ್ನೂ ಎಣಿಸಿ ಅಂಕಿಯನ್ನು ಏರಿಸುತ್ತಿತ್ತು.

ಇದು ಸೊಸೆಗೆ ಇನ್ನೂ ತಿಳಿಯದು. ಅವನು ಬಹಳ ಹೊತ್ತು ಬಗ್ಗಿಯೇ ಇದ್ದನು. ಆಮೇಲೆ ಅವಳನ್ನು ಹತ್ತಿರ ಕರೆದನು.

“ಇಲ್ಲಿ ಕಿವಿಯಿಡು ತಾಯಿ. ಏನಾದ್ರೂ ಕೇಳಿಸ್ತಾ?”

ಅವಳು ಬಗ್ಗಿದಳು. “ಹೂಂ. ಚಿಟ್ ಚಿಟ್ ಅಂತಿದೆ, ಸಣ್ಣಗೆ.”

“ನನಗೆ ಕೇಳಿಸಲ್ಲ,” ಎಂದನು. “ಹೋದ ತಿಂಗಳೂ ಕೇಳಿಸ್ಲಿಲ್ಲ. ಈ ಪ್ಯಾಕಿಂಗು ಹಾಕಿದ್ದು ನಾನೇ.”

ಅವಳು ಪ್ಯಾಕಿಂಗಿನ ಹಾಳೆಯಿಂದ ಹೊಸದನ್ನು ಕತ್ತರಿಸಿದಳು. ಅದನ್ನು ಕೂರಿಸಿದೊಡನೆ ಅಂಕಿ ಹನ್ನೆರಡಕ್ಕಿಂತ ಕೆಳಗೆ ಬಿತ್ತು. ಮಸಿ ಹೇಳಿದ್ದನ್ನೇ ಈಗ ಗೇಜೂ ಹೇಳಿತು. ಹಳೆಯ ಜೆಟ್ಟುಗಳನ್ನು ಮರಳಿ ಹಾಕಿದ ಮೇಲೆ ಹದಿನಾಲ್ಕರ ಬಳಿ ನಿಂತಿತು. ಇಂಜಿನ್ನಿನ ಹೊಟ್ಟೆ ತುಂಬಿದೆಯೆಂದು ಬೆಳಿಗ್ಗೆ ಅವನು ಹೇಳಿದ್ದು ನಿಜವೇ ಆಗಿತ್ತು.

ಸಂಜೆ ವೈದ್ಯರು ಬಂದು, ವಾಡಿಕೆಯಂತೆ, ಕಿವಿ ಏನು ಹೇಳುತ್ತದೆಂದು ಮೇಸ್ತ್ರಿಯನ್ನು ವಿಚಾರಿಸಿದರು.

“ಅವಳನ್ನ ಕೇಳಿ,” ಎಂದನು ಮುದುಕ.

ಮರುದಿನ ಬೆಳಿಗ್ಗೆ ಸೊಸೆ ಬಂದಾಗ ಅವನು, ಪಣ ಸೋತವನ ಹಾಗೆ, ಟಯರಿನ ಗಾಳಿಯ ಪೈಪನ್ನು ಬಿಚ್ಚಿ ನೆಲದ ಮೇಲೆ ನೀಳವಾಗಿ ಹಾಸಿದ್ದನು. ಅವಳು ಅದನ್ನು ಸುತ್ತಿ ಮೊಳೆಗೆ ತೂಗುಹಾಕಿದಳು. ಸರದಿಯಲ್ಲಿದ್ದ ವ್ಯಾನಿನ ಬಾನೆಟ್ಟು ತೆರೆದು, ಗೇಜನ್ನು ಅವನಿಗೆ ಕಾಣುವಂತೆ ತಿರುಗಿಸಿಟ್ಟು, ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟಳು. ತಾನು ಎದುರು ಬದಿಗೆ ಹೋಗಿ, ಸೈಲೆನ್ಸರಿನ ಸಂದಿನತ್ತ ಕಿವಿ ಬಾಗಿಸಿ ನಿಂತಳು.