ಬ್ರೇಕ್ ಮೇಡಂ ಕತ್ತಿ ಹಿಡಿದದ್ದು

ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಅವರಿಗೆ ಇಪ್ಪತ್ತಾರು ವರ್ಷ ಸರ್ವಿಸು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವರು, ಅವರ ಕಾಲ ಬಳಿ ಇನ್ನೊಂದು ಬ್ರೇಕು. ಹಾಗಾಗಿ ಶಿಷ್ಯರೆಲ್ಲ ಬೆನ್ನ ಹಿಂದೆ ಅವರನ್ನು ‘ಬ್ರೇಕ್ ಮೇಡಂ’ ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು. ಸ್ಟಿಯರಿಂಗ್ ಹಿಡಿದರೆ ಸಾಕು ಬೆವರಿ ನೀರಾಗುತ್ತಿದ್ದ ಎಷ್ಟೋ ಜನ ಅವರ ಕೈಯಲ್ಲಿ ಕಲಿತು ಊರೆಲ್ಲ ಓಡಾಡುತ್ತಿದ್ದರು. ಯಾರ ಮೇಲೂ ದನಿ ಏರಿಸಿದವರಲ್ಲ ಅವರು.

ಏರಿಸಿದ್ದು ಒಬ್ಬಳ ಮೇಲೆ ಮಾತ್ರ, ಸ್ವಂತ ಮಗಳ ಮೇಲೆ. ಒಂಬತ್ತು ವರ್ಷದ ಹಿಂದೆ ಮೂರನೆಯ ಪಾಠದ ಹೊತ್ತಿಗೆ ಅಮ್ಮ ಮಗಳು ಇಬ್ಬರೂ ಅಳುತ್ತ ಕಾರಿನಿಂದ ಇಳಿದಿದ್ದರು. ಮಗಳು ಬೇರೆ ಶಾಲೆಗೆ ಹೋಗಿ ಕಲಿತಳು. ಆ ಮಾತನ್ನು ಮನೆಯಲ್ಲಿ ಆಮೇಲೆ ಯಾರೂ ಎತ್ತಿರಲಿಲ್ಲ.

ಮಗಳಿಗೆ ಈಗ ವಿಡಿಯೊ ಗೇಮ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಅವರು ಈಗ ಮಾಡುತ್ತಿದ್ದದ್ದು ಕಥೆ ಇರುವ ಒಂದು ದೊಡ್ಡ ಆಟ. ಆಡುವವರು ಒಬ್ಬ ಕಾವಲುಗಾತಿಯಾಗಿ ಊರೂರು ಸುತ್ತಬೇಕು, ಜನರ ಕಷ್ಟ ಕೇಳಬೇಕು, ಅಡ್ಡ ಬಂದವರ ಜೊತೆ ಕತ್ತಿ ಹಿಡಿದು ಹೋರಾಡಬೇಕು. ಒಂದು ಗುರುವಾರ ಮಗಳು ಫೋನ್ ಮಾಡಿದಳು.

“ಅಮ್ಮಾ, ಶನಿವಾರ ಬೆಳಿಗ್ಗೆ ಬಿಡುವು ಮಾಡ್ಕೋತೀಯಾ? ಗೇಮ್ ಆಡೋ ಕಂಟ್ರೋಲರನ್ನ ಜನ್ಮದಲ್ಲೇ ಮುಟ್ಟದಿರೋರು ಒಬ್ಬರು ಬೇಕು ನಮಗೆ, ಅಂಥೋರಿಗೆ ಆಟ ಅರ್ಥವಾಗುತ್ತಾ ಅಂತ ನೋಡೋಕೆ.”

“ನಾನ್ಯಾಕೆ? ನಿಮ್ಮಪ್ಪನ್ನ ಕರ್ಕೊಂಡು ಹೋಗು.”

“ಅಪ್ಪ ಆಡಲ್ಲ, ಅಕ್ಷರ ತಪ್ಪು ಹುಡುಕ್ತಾ ಕೂತುಬಿಡ್ತಾರೆ.”

ಅದು ನಿಜ. ಅಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಸಾಬೂನಿನ ಪೊಟ್ಟಣವನ್ನೂ ಅವರು ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ಶನಿವಾರದ ಶಿಷ್ಯೆ ಆಗಲೇ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿದ್ದರಿಂದ ಮೇಡಂಗೆ ನೆಪ ಹೇಳಲು ಏನೂ ಸಿಗಲಿಲ್ಲ.

ಕಂಪನಿ ಇದ್ದದ್ದು ರತ್ನಗಂಬಳಿ ಮಾರುವ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ. ಒಂದು ಪುಟ್ಟ ಕೋಣೆಯಲ್ಲಿ ಸೋಫಾ, ದೊಡ್ಡ ಪರದೆ, ಮೂಲೆಯಲ್ಲಿ ಕ್ಯಾಮೆರಾ. ಒಂದು ಗೋಡೆಗೆ ಕಪ್ಪು ಗಾಜು. ಅದರ ಆಚೆ ಕೂತವರಿಗೆ ಈಚೆಯದು ಕಾಣುತ್ತದೆ, ಕೇಳುತ್ತದೆ. ಈಚೆಯವರಿಗೆ ಆಚೆಯದು ಕಾಣುವುದಿಲ್ಲ. ಕಾಳಗದ ಭಾಗವನ್ನೆಲ್ಲ ರೂಪಿಸಿದವನು ಉದ್ದ ಗಡ್ಡದ ಒಬ್ಬ ಮೆದು ಮಾತಿನ ಮನುಷ್ಯ. ಅಲ್ಲಿ ಎಲ್ಲರೂ ಅವನನ್ನು ‘ಸೇನಾಪತಿ’ ಎನ್ನುತ್ತಿದ್ದರು.

“ಮೇಡಂ, ಮನಸ್ಸಿಗೆ ಬಂದಿದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಆಡಿ,” ಎಂದ ಅವನು. “ನಾವು ಮಾತ್ರ ಏನೂ ಹೇಳ್ಕೊಡಲ್ಲ. ನೀವು ತಪ್ಪು ಮಾಡಿದ್ರೆ ಅದು ನಿಮ್ಮ ತಪ್ಪಲ್ಲ, ನಮ್ಮದು.”

ಮೇಡಂಗೆ ಆ ಮಾತು ಹಿಡಿಸಿತು. ಕನ್ನಡಕ ಒರೆಸಿಕೊಂಡು ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಸೇನಾಪತಿಯೂ ಮಗಳೂ ಗಾಜಿನ ಆಚೆ ಹೋದರು.

ಪರದೆಯ ಮೇಲೆ ಒಂದು ಕಲ್ಲಿನ ಸೇತುವೆ, ಈ ತುದಿಯಲ್ಲಿ ಕಾವಲುಗಾತಿ. ನಡೆಯುವುದಕ್ಕೆ ಎಡ ಹೆಬ್ಬೆರಳು, ನೋಡುವುದಕ್ಕೆ ಬಲ ಹೆಬ್ಬೆರಳು. ಮೊದಲ ಐದು ನಿಮಿಷ ಮೇಡಂ ಆಕಾಶವನ್ನೂ ಕಾವಲುಗಾತಿಯ ಚಪ್ಪಲಿಯನ್ನೂ ಬಿಟ್ಟು ಬೇರೇನೂ ನೋಡಲಿಲ್ಲ. “ಅಯ್ಯೋ, ಇವಳ ಕತ್ತು ಉಳುಕುತ್ತೆ,” ಎಂದು ಮರುಗಿದರು. ಆಮೇಲೆ ಕೈ ಹದಕ್ಕೆ ಬಂತು. ಗೋಡೆಗೆ ಡಿಕ್ಕಿ ಹೊಡೆಯದೆ ಸೇತುವೆಯ ಅರ್ಧದವರೆಗೆ ನಡೆದರು.

ಅಲ್ಲಿ ಒಬ್ಬ ಕಳ್ಳ ನಿಂತಿದ್ದ. ಕೈಯಲ್ಲಿ ಗದೆ. ಪರದೆಯ ಮೇಲ್ಭಾಗದಲ್ಲಿ ಅಕ್ಷರಗಳು ಮೂಡಿದವು. ಮೇಡಂ ಗಟ್ಟಿಯಾಗಿ ಓದಲು ಶುರು ಮಾಡಿದರು: “ಹೊಡೆಯಲು ಬಲಗಡೆಯ ಬಟನ್ ಒತ್ತಿ. ಗುರಾಣಿ ಎತ್ತಲು ಎಡ ತೋರುಬೆರಳಿನ ಬಟನ್ ಹಿಡಿದುಕೊಳ್ಳಿ. ಪಕ್ಕಕ್ಕೆ ಉರುಳಲು... ಅರೆ, ಎಲ್ಲಿ ಹೋಯ್ತು?”

ಅಕ್ಷರ ಮಾಯವಾಗಿತ್ತು. ಕಳ್ಳ ಗದೆ ಬೀಸಿದ. ಕಾವಲುಗಾತಿ ಅಂಗಾತ ಬಿದ್ದಳು. ಆಟ ಮತ್ತೆ ಸೇತುವೆಯ ತುದಿಗೆ ತಂದು ನಿಲ್ಲಿಸಿತು.

“ಇನ್ನೂ ಓದ್ತಾ ಇದ್ದೆ ಕಣಪ್ಪ,” ಎಂದರು ಮೇಡಂ ಕಳ್ಳನಿಗೆ.

ಎರಡನೆಯ ಸಲ ಹೊಡೆಯುವ ಬಟನ್ನನ್ನು ಬಿಡದೆ ಒತ್ತಿದರು. ಕಾವಲುಗಾತಿ ನಾಲ್ಕು ಏಟು ಹಾಕಿ ಇದ್ದಕ್ಕಿದ್ದ ಹಾಗೆ ಕೈ ಇಳಿಬಿಟ್ಟು ನಿಂತಳು. ಬಟನ್ ಒತ್ತಿದರೂ ಕತ್ತಿ ಏಳಲಿಲ್ಲ. ಕಳ್ಳ ಗದೆ ಬೀಸಿದ. ಮೂರನೆಯ ಸಲವೂ ಹಾಗೇ. ನಾಲ್ಕನೆಯ ಸಲ ಗಾಬರಿಯಲ್ಲಿ ಉರುಳುವ ಬಟನ್ ಸಿಕ್ಕಿತು. ಕಾವಲುಗಾತಿ ಉರುಳುತ್ತ ಉರುಳುತ್ತ ಸೇತುವೆಯಿಂದಲೇ ಹೊಳೆಗೆ ಬಿದ್ದಳು.

“ಈಜು ಬರಲ್ವಾ ಇವಳಿಗೆ?” ಎಂದು ಕೇಳಿದರು ಮೇಡಂ.

ಗಾಜಿನ ಆಚೆ ಮಗಳು ಉಗುರು ಕಚ್ಚುತ್ತಿದ್ದಳು. ಪರದೆಯ ಕೆಳಭಾಗದಲ್ಲಿ, ಎಡ ಮೂಲೆಯಲ್ಲಿ, ಒಂದು ಹಸಿರು ಪಟ್ಟಿ ಇತ್ತು. ಅದು ಕಾವಲುಗಾತಿಯ ದಮ್ಮು. ಒಂದೊಂದು ಏಟಿಗೂ, ಒಂದೊಂದು ಉರುಳಿಗೂ ಒಂದಷ್ಟು ಖಾಲಿಯಾಗುತ್ತದೆ. ಪೂರ್ತಿ ಖಾಲಿಯಾದರೆ ಅವಳು ಏನೂ ಮಾಡಲಾರಳು. ಎರಡು ಕ್ಷಣ ಸುಮ್ಮನಿದ್ದರೆ ಮತ್ತೆ ತುಂಬುತ್ತದೆ. ಈ ಕಾಳಗದ ಜೀವಾಳವೇ ಅದು. ಅಮ್ಮ ಒಂದು ಸಲವೂ ಆ ಮೂಲೆಗೆ ಕಣ್ಣು ಹಾಯಿಸಿರಲಿಲ್ಲ.

“ಹೋಗಿ ಹೇಳ್ಬಿಡ್ಲಾ?” ಎಂದಳು ಮಗಳು.

“ಹೇಳಿದ್ರೆ ಈ ಪರೀಕ್ಷೆ ಯಾಕೆ ಬೇಕಿತ್ತು?” ಎಂದ ಸೇನಾಪತಿ. ಬರೆದುಕೊಳ್ಳುತ್ತಲೇ ಇದ್ದ. ಆದರೆ ಅವನ ಮುಖವೂ ಸಪ್ಪಗಾಗಿತ್ತು. ಆ ಕಳ್ಳನ ಮೇಲೆ ಅವನು ನಾಲ್ಕು ತಿಂಗಳು ಬೆವರು ಸುರಿಸಿದ್ದ.

ಏಳು, ಎಂಟು, ಒಂಬತ್ತು. ಮೇಡಂ ಸೋಲುತ್ತಲೇ ಹೋದರು. ಬಯ್ಯಲಿಲ್ಲ, ಕಂಟ್ರೋಲರ್ ಕುಕ್ಕಲಿಲ್ಲ. ಪ್ರತಿ ಸಲವೂ “ಬಂದೆ ಇರಪ್ಪಾ” ಎಂದು ಎದ್ದು ಬರುತ್ತಿದ್ದರು. ಹನ್ನೊಂದನೆಯ ಸಲ ಬಿದ್ದಾಗ ಮಾತ್ರ ಕಂಟ್ರೋಲರ್ ಕೆಳಗಿಟ್ಟು ಕೈ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡರು.

ಸೇನಾಪತಿ ಬಾಗಿಲು ತೆರೆದು ಒಳಗೆ ಬಂದ. “ಸಾಕು ಮೇಡಂ, ತುಂಬ ಉಪಕಾರ ಆಯ್ತು. ನಮಗೆ ಬೇಕಾಗಿದ್ದೆಲ್ಲ ಸಿಕ್ತು.”

“ನಿಮಗೆ ಸಿಕ್ತು, ನನಗೆಲ್ಲಿ ಸಿಕ್ತು?” ಎಂದರು ಮೇಡಂ. “ಅವನನ್ನ ಅಲ್ಲೇ ನಿಲ್ಲಿಸಿ ಮನೆಗೆ ಹೋಗೋಕಾಗುತ್ತಾ? ಒಂದು ಲೋಟ ನೀರು ಕೊಡಿ. ಇನ್ನು ಅರ್ಧ ಗಂಟೆ ಬಿಡಿ.”

ನೀರು ಬಂತು. ಕುಡಿದು, ಲೋಟವನ್ನು ನೆಲದ ಮೇಲಿಟ್ಟು, ಮೇಡಂ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಅಂದರು: “ಎಲ್ಲಾ ಒಟ್ಟಿಗೆ ಮಾಡೋಕೆ ಹೋಗ್ತಿದೀನಿ ನಾನು. ಈ ಸಲ ಹೊಡೆಯೋದೇ ಬೇಡ. ಅವನೇನು ಮಾಡ್ತಾನೆ ಅಂತ ನೋಡ್ತೀನಿ, ಅಷ್ಟೇ.”

ಸೇತುವೆಯ ನಡುವೆ ಹೋಗಿ ಗುರಾಣಿ ಎತ್ತಿ ನಿಂತರು. ಕಳ್ಳ ಹೊಡೆದ. ಗುರಾಣಿ ತಡೆಯಿತು. ಇನ್ನೊಮ್ಮೆ ಹೊಡೆದ, ಅದನ್ನೂ ತಡೆಯಿತು. ಮೂರನೆಯದಕ್ಕೆ ಗುರಾಣಿ ಹಾರಿಹೋಗಿ ಕಾವಲುಗಾತಿ ಬಿದ್ದಳು. ಆದರೆ ಮೇಡಂ ಮುಖ ಅರಳಿತ್ತು.

“ಎರಡು ಸಣ್ಣದು, ಒಂದು ದೊಡ್ಡದು,” ಎಂದರು. “ದೊಡ್ಡದು ಹೊಡೆಯೋ ಮುಂಚೆ ಬಲ ಹೆಗಲು ಎತ್ತುತ್ತಾನೆ. ತಿರುವಿಗೆ ಮುಂಚೆ ಇಂಡಿಕೇಟರ್ ಹಾಕಿದ ಹಾಗೆ. ಒಳ್ಳೆ ಹುಡುಗ!”

ಗಾಜಿನ ಆಚೆ ಸೇನಾಪತಿ ಬರೆಯುವುದನ್ನು ನಿಲ್ಲಿಸಿದ. ಆ ಹೆಗಲು ಎತ್ತುವುದನ್ನು ಕೂರಿಸಲು ಅವನಿಗೆ ಮೂರು ವಾರ ಹಿಡಿದಿತ್ತು.

ಮತ್ತೆ ಹೋದರು. ಎರಡು ಏಟು ಗುರಾಣಿಗೆ, ಹೆಗಲು ಎತ್ತಿದ ಕೂಡಲೇ ಪಕ್ಕಕ್ಕೆ ಉರುಳಿದರು. ಈ ಸಲ ಹೊಳೆಯ ಕಡೆಗಲ್ಲ. ಗದೆ ನೆಲಕ್ಕೆ ಬಡಿದು ಸಿಕ್ಕಿಕೊಂಡಿತು. ಅದನ್ನು ಎಳೆದುಕೊಳ್ಳಲು ಕಳ್ಳ ಒದ್ದಾಡಿದ. ಈಗ ಹೊಡೆಯಬೇಕು. ಮೇಡಂ ಹೊಡೆದರು: ಒಂದು, ಎರಡು. ಕೈ ಆಸೆಯಿಂದ ಮೂರನೆಯದಕ್ಕೆ ಹೋಯಿತು, ಅಷ್ಟರಲ್ಲಿ ತಡೆದರು.

“ಶ್... ಕೇಳಿಸ್ತಿದೆ,” ಎಂದರು ಅವರು. “ಇವಳಿಗೆ ಏದುಸಿರು ಬರ್ತಿದೆ.”

ಹೌದು, ಪಟ್ಟಿ ಕಾಲುಭಾಗಕ್ಕೆ ಇಳಿದಾಗ ಕಾವಲುಗಾತಿ ಏದುವ ಸದ್ದು ಬರುತ್ತಿತ್ತು. ಬರೀ ಸೊಗಸಿಗೆಂದು ಹಾಕಿದ ಸದ್ದು ಅದು. ತಂಡದಲ್ಲಿ ಯಾರೂ ಅದಕ್ಕೆ ಗಮನ ಕೊಟ್ಟಿರಲಿಲ್ಲ. ಮೇಡಂ ನಾಲ್ಕು ಹೆಜ್ಜೆ ಹಿಂದೆ ಸರಿದರು. “ಸುಧಾರಿಸ್ಕೋ ತಾಯಿ. ಇಂಜಿನ್ ಕಾದಿದೆ, ತಣ್ಣಗಾಗ್ಲಿ. ಹ್ಞೂಂ, ಈಗ ಸರಿಹೋಯ್ತು.”

ಅಷ್ಟು ಹೊತ್ತಿಗೆ ಗಾಜಿನ ಆಚೆ ಮಗಳ ಹಿಂದೆ ಐದಾರು ಜನ ಸೇರಿದ್ದರು. ಚಿತ್ರ ಬರೆಯುವವಳು, ಸದ್ದು ಜೋಡಿಸುವವನು, ಬಾಗಿಲ ಬಳಿ ಕಾಫಿ ಲೋಟ ಹಿಡಿದ ಮ್ಯಾನೇಜರು. ಸದ್ದು ಜೋಡಿಸುವವನು “ನನ್ನ ಏದುಸಿರು, ನನ್ನ ಏದುಸಿರು!” ಎಂದು ಪಕ್ಕದವರ ತೋಳು ಹಿಂಡುತ್ತಿದ್ದ. ಎರಡು ಸಣ್ಣ ಏಟು, ಹೆಗಲು, ಉರುಳು, ಒಂದು, ಎರಡು, ಹಿಂದೆ ಸರಿ. ಮತ್ತೆ ಅದೇ. ಮೇಡಂ ಮಾತು ನಿಂತಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಐದನೆಯ ಸುತ್ತಿಗೆ ಕಳ್ಳ ಗದೆ ಬಿಸಾಕಿ, ಮೊಣಕಾಲೂರಿ, ಕೈ ಮೇಲೆತ್ತಿದ.

ಗಾಜಿನ ಆಚೆಯಿಂದ ಎದ್ದ ಕೂಗು ಈಚೆಗೂ ಕೇಳಿಸಿತು. ಮೇಡಂ ಬೆಚ್ಚಿಬಿದ್ದರು. ಆಮೇಲೆ ಬಾಯಿ ತುಂಬ ನಕ್ಕರು.

ಸೇನಾಪತಿ ಬಂದು ಅವರ ಎದುರು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ. “ಮೇಡಂ, ನೀವಾಗಿದ್ರೆ ಇದನ್ನ ಹೇಗೆ ಕಲಿಸ್ತಿದ್ರಿ?”

“ನೋಡಪ್ಪ, ಮೊದಲ ದಿನ ನಾನು ಗಾಡಿ ಓಡಿಸೋಕೇ ಬಿಡಲ್ಲ. ಬ್ರೇಕ್ ಎಲ್ಲಿದೆ, ಒತ್ತಿದ್ರೆ ಏನಾಗುತ್ತೆ, ಅಷ್ಟೇ. ನಿಲ್ಲಿಸೋಕೆ ಬರುತ್ತೆ ಅಂತ ಗೊತ್ತಾದ್ರೆ ಅರ್ಧ ಹೆದರಿಕೆ ಹೋಯ್ತು. ನೀವು ಬಂದ ತಕ್ಷಣ ಮೂರು ಬಟನ್ ಹೇಳಿ, ಓದಿ ಮುಗಿಸೋಕೂ ಬಿಡದೆ ಅಳಿಸಿಬಿಟ್ರಿ. ಮೊದಲು ಗುರಾಣಿ ಒಂದೇ ಕೊಡಿ. ಅದು ಕೈಗೆ ಕೂತಮೇಲೆ ಉರುಳೋದು. ಕತ್ತಿ ಕೊನೆಗೆ.”

“ಮತ್ತೆ ದಮ್ಮಿನ ಪಟ್ಟಿ?”

“ಯಾವ ಪಟ್ಟಿ?”

ಸೇನಾಪತಿ ಪರದೆಯ ಮೂಲೆಗೆ ಬೆರಳು ತೋರಿಸಿದ. ಮೇಡಂ ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದರು. “ಗದೆ ಹಿಡಿದೋನು ಎದುರಿಗೆ ನಿಂತಿದ್ರೆ ಮೂಲೆ ಯಾರು ನೋಡ್ತಾರೆ?” ಎಂದರು. ಅವನ ಮುಖ ಬಾಡಿದ್ದು ಕಂಡು, “ಕಳ್ಳನ್ನ ಮಾತ್ರ ಬಹಳ ಚೆನ್ನಾಗಿ ಮಾಡಿದೀರ. ಮೋಸ ಮಾಡಲ್ಲ ಅವನು. ಏನು ಮಾಡ್ತೀನಿ ಅಂತ ಹೇಳೇ ಮಾಡ್ತಾನೆ,” ಎಂದು ಸೇರಿಸಿದರು. ಸೇನಾಪತಿಯ ಗಡ್ಡದೊಳಗೆ ನಗು ಮೂಡಿತು.

ಮಧ್ಯಾಹ್ನ ಅಮ್ಮ ಮಗಳು ಕಂಪನಿಯಲ್ಲೇ, ಅಡುಗೆ ಕಟ್ಟೆಯ ಪಕ್ಕದ ಸಣ್ಣ ಮೇಜಿನ ಬಳಿ ಊಟದ ಡಬ್ಬಿ ಬಿಚ್ಚಿದರು. ಮಗಳು ಚಮಚ ಆಡಿಸುತ್ತಲೇ ಮಾತು ತೆಗೆದಳು.

“ಅಮ್ಮಾ, ಆಚೆ ಕೂತು ನೋಡ್ತಾ ಇರೋಕೆ ಆಗ್ತಿರ್ಲಿಲ್ಲ ನನಗೆ. ಗಾಜು ಒಡ್ಕೊಂಡು ಬಂದು ಕಂಟ್ರೋಲರ್ ಕಿತ್ಕೊಳ್ಳೋಣ ಅನ್ನಿಸ್ತಿತ್ತು. ಬೇರೆ ಯಾರು ಆಡಿದ್ರೂ ಹಾಗೆ ಅನ್ಸಲ್ಲ.”

ಮೇಡಂ ಡಬ್ಬಿಯ ಕಡೆ ನೋಡುತ್ತಲೇ ಹೇಳಿದರು: “ನನಗೂ ಹಾಗೇ ಆಗಿತ್ತು ಪುಟ್ಟಿ. ಯಾರ್ಯಾರದೋ ಮಕ್ಕಳ ಪಕ್ಕ ಕೂತ್ರೆ ನನ್ನ ಕಾಲು ಸುಮ್ಮನಿರುತ್ತೆ. ನೀನು ಕೂತಾಗ ಮಾತ್ರ ತಾನಾಗೇ ಬ್ರೇಕ್ ಮೇಲೆ ಹೋಗ್ತಿತ್ತು. ನೀನು ಸರಿಯಾಗೇ ಓಡಿಸ್ತಿದ್ದೆ. ಜೀವ ಬಾಯಿಗೆ ಬರ್ತಿದ್ದದ್ದು ನನಗೆ. ಬೈದಿದ್ದು ನಿನಗೆ.”

“ಇದನ್ನ ಆವತ್ತೇ ಹೇಳ್ಬಾರದಿತ್ತಾ?”

“ಆವತ್ತು ನನಗೇ ಗೊತ್ತಿರ್ಲಿಲ್ಲವಲ್ಲ.”

ಮಗಳು ಅಮ್ಮನ ಡಬ್ಬಿಯಿಂದ ಒಂದು ತುತ್ತು ಎತ್ತಿಕೊಂಡಳು. ಚಿಕ್ಕಂದಿನಿಂದ ಅವಳಿಗೆ ಅಮ್ಮನ ಪಾಲೇ ರುಚಿ. ಮೇಡಂ ಡಬ್ಬಿಯನ್ನೇ ಅವಳ ಕಡೆಗೆ ಸರಿಸಿದರು. ಆಮೇಲೆ ಇಬ್ಬರೂ ಮಾತು ಬದಲಿಸಿ ಚಿಕ್ಕಮ್ಮನ ಹೊಸ ಮನೆಯ ಕಿಟಕಿ ಪರದೆಗಳ ಬಣ್ಣಕ್ಕೆ ಮೂಗು ಮುರಿದರು.

ಒಂದು ತಿಂಗಳಲ್ಲಿ ಆಟದ ಮೊದಲ ಭಾಗ ಬದಲಾಯಿತು. ಗುರಾಣಿ ಮೊದಲು ಬಂತು. ಅಕ್ಷರಗಳು ಆಡುವವರು ಸರಿ ಅನ್ನುವವರೆಗೂ ನಿಂತವು. ಹಸಿರು ಪಟ್ಟಿ ಮೂಲೆ ಬಿಟ್ಟು ಕಾವಲುಗಾತಿಯ ಪಕ್ಕಕ್ಕೇ ಬಂತು, ಏದುಸಿರಿನ ಸದ್ದು ಜೋರಾಯಿತು. ಇನ್ನೊಮ್ಮೆ ಪರೀಕ್ಷೆಗೆ ತಾವೇ ಬರುವುದಾಗಿ ಮೇಡಂ ಹೇಳಿ ಕಳಿಸಿದರೆ, ಸೇನಾಪತಿ ಫೋನ್ ಮಾಡಿ ಬಹಳ ಸಂಕೋಚದಿಂದ, “ಮೇಡಂ, ನೀವು ಈಗ ಕಲಿತೋರು. ನಮಗೆ ಪ್ರಯೋಜನ ಇಲ್ಲ,” ಎಂದ. ಅವರಿಗೆ ಒಂದು ಗಳಿಗೆ ಮುನಿಸು, ಮರುಗಳಿಗೆಯೇ ಹೆಮ್ಮೆ. ತಮ್ಮ ಶಿಷ್ಯರಲ್ಲಿ ನಾಲ್ವರನ್ನು ಕಳಿಸಿಕೊಟ್ಟರು. ಒಬ್ಬ ದಂತವೈದ್ಯೆ, ಒಬ್ಬ ಬಡಗಿ, ಇಬ್ಬರು ಅಕ್ಕತಂಗಿಯರು. ನಾಲ್ವರೂ ಐದನೆಯ ಸಲದೊಳಗೇ ಸೇತುವೆ ದಾಟಿದರು. ನಾಲ್ಕೂ ಸಲ ಮಗಳು ಫೋನ್ ಮಾಡಿ ಹೇಳಿದಳು.

ಈಗ ಮನೆಯಲ್ಲೂ ಆಟ ಬಂದು ಕೂತಿದೆ. ಸಂಜೆ ಪಾಠ ಮುಗಿಸಿ ಬಂದು, ಕೈಕಾಲು ತೊಳೆದು, ಮೇಡಂ ಒಂದು ಗಂಟೆ ಕಾವಲುಗಾತಿಯ ಜೊತೆ ಕಳೆಯುತ್ತಾರೆ. ಸೇತುವೆ, ಗಿರಣಿ, ಕಲ್ಲುಗಣಿ ಎಲ್ಲ ದಾಟಿ ಜೌಗುನೆಲಕ್ಕೆ ಬಂದಾಗಿದೆ. ಅಲ್ಲೊಂದು ಉದ್ದ ಕಾಲಿನ ಹಕ್ಕಿಯಿದೆ. ಅದು ಹೆಗಲು ಎತ್ತುವುದಿಲ್ಲ, ಯಾವ ಸುಳಿವೂ ಕೊಡುವುದಿಲ್ಲ, ಸುಮ್ಮನೆ ಕುಕ್ಕುತ್ತದೆ. ಪಕ್ಕದ ಕುರ್ಚಿಯಲ್ಲಿ ಅಪ್ಪ. ಅವರಿಗೆ ಕಾಳಗ ಬೇಡ. ದಾರಿಯ ಬೋರ್ಡು, ಹಳೆಯ ಪತ್ರ, ಗೋಡೆಬರಹ ಏನು ಕಂಡರೂ “ನಿಲ್ಲಿಸು, ನಿಲ್ಲಿಸು” ಎಂದು ಗಟ್ಟಿಯಾಗಿ ಓದುತ್ತಾರೆ. ಮೇಡಂ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಹಕ್ಕಿ ಬಂದು ಕುಕ್ಕಿದರೂ ಗಂಡನನ್ನು ಏನೂ ಅನ್ನುವುದಿಲ್ಲ.

ಹೋದ ಭಾನುವಾರ ಅಪ್ಪ ಅಚ್ಚುಕೂಟದ ಉದ್ದನೆಯ ಹಾಳೆಯಲ್ಲಿ ಒಂದು ಪಟ್ಟಿ ಮಾಡಿ ಮಗಳಿಗೆ ಕೊಟ್ಟರು. ಹನ್ನೆರಡು ಕಾಗುಣಿತದ ತಪ್ಪು, ಎರಡು ಕಡೆ ಬಿಟ್ಟುಹೋದ ಪೂರ್ಣವಿರಾಮ. ಹಾಳೆಯ ಕೊನೆಯಲ್ಲಿ ಮೇಡಂ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದ್ದರು: ‘ಸೇನಾಪತಿಗೆ ಹೇಳು, ಹಕ್ಕಿಗೆ ಶಿಸ್ತಿಲ್ಲ.’