ತಾನಾಗಿ ನಿಲ್ಲುವ ನೀರು

ದರ್ಜಿಯ ಅಕ್ಕನಿಗೆ ಮರೆವಿನ ಕಾಯಿಲೆ. ನಲ್ಲಿ ತಿರುಗಿಸಿದರೆ ಹಾಗೇ ಬಿಟ್ಟು ಹೋಗುತ್ತಿದ್ದಳು. ಅಡುಗೆಮನೆ ತುಂಬಿದ ನೀರು ಕೆಳಗಿನ ಮನೆಯವರ ಹಾಸಿಗೆಯ ಮೇಲೆ ಸೋರಿದ ಮೇಲೆ, ದರ್ಜಿ ಪ್ಲಂಬರನ್ನು ಕರೆಸಿ, ಹೆಚ್ಚು ಹೊತ್ತು ನೀರು ಹರಿದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಿದ.

"ಇನ್ನು ನಿಶ್ಚಿಂತೆಯಾಗಿರಿ," ಎಂದು ಪ್ಲಂಬರ್ ಹೊರಟ.

ಮನೆಯೇನೋ ಒಣಗಿತು. ಆದರೆ ಅಕ್ಕ ಜೀವಮಾನವಿಡೀ ಆಸ್ಪತ್ರೆಯ ಬಟ್ಟೆ ಒಗೆದವಳು. ಸಿಂಕಿನ ಮುಂದೆ ನಿಂತು ಒಂದೇ ಟವೆಲನ್ನು ಮತ್ತೆ ಮತ್ತೆ ಜಾಲಿಸುವುದಷ್ಟೇ ಅವಳಿಗೆ ಉಳಿದಿದ್ದ ಸುಖ. ಈಗ ಕೈತುಂಬ ನೊರೆಯಿರುವಾಗಲೇ ನೀರು ನಿಂತುಬಿಡುತ್ತಿತ್ತು.

"ನಾನೇನೋ ತಪ್ಪು ಮಾಡಿದ್ನೇನೋ?" ಎಂದು ಅಳುಮುಖ ಮಾಡುತ್ತಿದ್ದಳು.

"ಇಲ್ಲಕ್ಕಾ, ಅದೊಂದು ಮಿಷನ್ನು. ನನಗಿಂತ ಜಿಪುಣ," ಎಂದು ಅವನು ನಗಿಸಲು ನೋಡುತ್ತಿದ್ದ. ಅವಳು ನಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಒಣ ನಲ್ಲಿಯ ಕೆಳಗೆ ಬೊಗಸೆಯೊಡ್ಡಿ, "ಬಾರಮ್ಮಾ, ಇನ್ಮೇಲೆ ಚೆಲ್ಲಲ್ಲ," ಎಂದು ಬೇಡುತ್ತಿದ್ದಳು. ಅದು ದರ್ಜಿಯ ಕಿವಿಗೆ ಬಿತ್ತು. ಅಂದೇ ವಾಲ್ವ್ ತೆಗೆಸಿದ. ಅಂಗಡಿಯ ಹೊಲಿಗೆ ಯಂತ್ರವನ್ನು ಮನೆಗೆ ತಂದು ಅಡುಗೆಮನೆಯ ಬಾಗಿಲಲ್ಲೇ ಇಟ್ಟುಕೊಂಡ, ತಾನೇ ಕಾವಲಿರಬಹುದೆಂದು.

"ಅಕ್ಕಾ, ಈಗ ಎಷ್ಟು ಬೇಕಾದ್ರೂ ಒಗಿ. ನಿಲ್ಲಲ್ಲ," ಎಂದು ನಲ್ಲಿ ತಿರುಗಿಸಿ ತೋರಿಸಿದ.

ಅವಳು ನೀರು ನೋಡಿದಳು, ಅವನ ಮುಖ ನೋಡಿದಳು. ಚಾಚಿದ ಬೆರಳನ್ನು ಕೆಂಡ ತಗುಲಿದವಳಂತೆ ಹಿಂದಕ್ಕೆಳೆದುಕೊಂಡಳು.

"ಬೇಡಪ್ಪಾ, ನಾನು ಮುಟ್ಟೋ ಹಾಗಿಲ್ಲ."

ಆಮೇಲೆ ಅವಳು ನಲ್ಲಿಯ ಹತ್ತಿರ ಸುಳಿಯಲೇ ಇಲ್ಲ. ಊಟದ ನಂತರ ಅವಳ ಕೈಗಳನ್ನು ದರ್ಜಿಯೇ ಹಿಡಿದು ತೊಳೆಸುತ್ತಾನೆ. ಆಗಲೂ ಅವಳು ಅವನ ಹಿಂದೆ ಅಡಗಿ ನಿಲ್ಲುತ್ತಾಳೆ.